ಉಳಿದ ಆರು ನಿಮಿಷ

ಹಾಸನ ಜಿಲ್ಲೆಯ ಗೆಂಡೆಹಳ್ಳಿ ಕಡೆಯ ಕಾಫಿ ತೋಟದವರಿಗೆ ಮಾರ್ಚ್ ಎಂದರೆ ಆಕಾಶ ನೋಡುವ ತಿಂಗಳು. ಹೂಮಳೆ ಬಿದ್ದರೆ ಗಿಡದ ತುಂಬ ಬಿಳಿ ಹೂವು. ಬೀಳದಿದ್ದರೆ ಕೆರೆಗೆ ಮೋಟಾರು ಇಳಿಸಿ, ತೋಟದ ಉದ್ದಕ್ಕೂ ಪೈಪು ಎಳೆದು ಸ್ಪ್ರಿಂಕ್ಲರ್ ಹಾರಿಸಬೇಕು. ಪೈಪು ಬದಲಾಯಿಸುತ್ತ ರಾತ್ರಿಯೆಲ್ಲ ಎದ್ದಿರುವ ಆ ದಿನಗಳಲ್ಲಿ ಜನ ಹತ್ತಿರದ ನೆಂಟರ ಮದುವೆಗೂ ಊಟದ ಹೊತ್ತಿಗೆ ಹೋಗಿ ಬಂದುಬಿಡುತ್ತಾರೆ. 2007ರಲ್ಲಿ ಅಂಥದೇ ಒಂದು ವಾರದ ನಡುವೆ ನನ್ನ ಗೆಳೆಯ ಮೋಟಾರು ಮನೆಯ ಬೀಗದ ಕೈಯನ್ನು ಚಿಕ್ಕಪ್ಪನ ಕೈಗಿಟ್ಟ.

"ಎರಡು ದಿನ ನೋಡ್ಕಳಿ ಚಿಕ್ಕಪ್ಪ. ನಮ್ಮೋರು ಬತ್ತಾವ್ರೆ, ಬೆಂಗ್ಳೂರಿಗೆ ಹೋಗ್ಬೇಕು."

ಬರುತ್ತಿದ್ದವರು ಐರನ್ ಮೇಡನ್. ಸ್ಟೀವ್ ಹ್ಯಾರಿಸ್ ಎಂಬಾತ 1975ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಕಟ್ಟಿದ ರಾಕ್ ತಂಡ. ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮ. ಭಾರತದಲ್ಲಿ ಅವರು ಹಾಡಿದ್ದು ಅದೇ ಮೊದಲು. ಗೆಳೆಯ ಸುಳ್ಳು ಹೇಳಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವರು ನಮ್ಮೋರೇ ಆಗಿದ್ದರು.

ಆ ನೆಂಟಸ್ತಿಕೆ ಶುರುವಾದದ್ದು ಒಂದು ಕ್ಯಾಸೆಟ್ಟಿನಿಂದ. 1993ರಲ್ಲಿ ನಾವಿಬ್ಬರೂ ಹೈಸ್ಕೂಲಿನಲ್ಲಿದ್ದೆವು. ಅವನ ಅಣ್ಣ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹಬ್ಬಕ್ಕೆ ಬರುವಾಗ ರೂಮಿನವರು ಯಾರೋ ತುಂಬಿಸಿಕೊಟ್ಟ ತೊಂಬತ್ತು ನಿಮಿಷದ ಕ್ಯಾಸೆಟ್ ತಂದ. ಚಿತ್ರವಿಲ್ಲ, ಹಾಡುಗಳ ಪಟ್ಟಿಯಿಲ್ಲ, ನೀಲಿ ಶಾಯಿಯಲ್ಲಿ ತಂಡದ ಹೆಸರೊಂದೇ. ಭತ್ತದ ಮೂಟೆ ಇಡುವ ಕೋಣೆಯಲ್ಲಿ ಕೂತು ಟೇಪ್ ರೆಕಾರ್ಡರ್ ಗುಂಡಿ ಒತ್ತಿದೆವು. ಮಾತು ಒಂದೂ ಅರ್ಥವಾಗಲಿಲ್ಲ. ಅರ್ಥವಾದದ್ದು ಓಟ. ಸ್ಟೀವ್ ಹ್ಯಾರಿಸ್ ನುಡಿಸುವುದು ಬೇಸ್ ಗಿಟಾರ್. ಬೇರೆ ತಂಡಗಳಲ್ಲಿ ಹಿಂದೆ ನಿಂತು ಶ್ರುತಿಗೂ ತಾಳಕ್ಕೂ ಗಂಟು ಹಾಕುವ ವಾದ್ಯ ಅದು. ಈತನ ಬೆರಳಲ್ಲಿ ಅದೇ ಮುಂದಾಳು. ಒಂದು ಉದ್ದ, ಎರಡು ಗಿಡ್ಡ ಪೆಟ್ಟುಗಳ ನಡೆ ಎಡೆಬಿಡದೆ ಕುದುರೆಯ ಹಾಗೆ ಓಡುತ್ತದೆ. ಮೇಲೆ ಎರಡು ಗಿಟಾರುಗಳು ಒಂದೇ ರಾಗವನ್ನು ಬೇರೆ ಬೇರೆ ಸ್ವರಗಳಲ್ಲಿ ಜೊತೆಜೊತೆಗೆ ಹಿಡಿದು ಹೋಗುತ್ತವೆ. ಊರಹಬ್ಬದಲ್ಲಿ ವೀರಗಾಸೆಯವರು ಕುಣಿತ ಏರಿಸುವಾಗ ಎದೆಯೊಳಗೆ ಏನು ಆಗುತ್ತಿತ್ತೋ ಅದೇ ಆಯಿತು. ಗದ್ದಲ ಎನ್ನುವವರು ಇಂದಿಗೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ತಮಟೆಯನ್ನು ದೂರದಿಂದ ಕೇಳಿದವರಿಗೂ ಅದು ಗದ್ದಲವೇ.

ಕ್ಯಾಸೆಟ್ಟಿನ ಒಂದು ಬದಿಯಲ್ಲಿ 1984ರ 'ಪವರ್‌ಸ್ಲೇವ್' ಇತ್ತು. ಆ ಆಲ್ಬಮ್ಮಿನ ಉದ್ದ 51 ನಿಮಿಷ, ಕ್ಯಾಸೆಟ್ಟಿನ ಒಂದು ಬದಿ 45. ಕೊನೆಯ ಹಾಡು ಹದಿಮೂರೂ ಮುಕ್ಕಾಲು ನಿಮಿಷದ್ದು. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಗೀತೆಯನ್ನು ಹ್ಯಾರಿಸ್ ಹಾಡಾಗಿಸಿದ್ದು. ಲೆಕ್ಕ ಹಾಕಿದರೆ ತಿಳಿಯುತ್ತದೆ, ನಮಗೆ ಸಿಕ್ಕಿದ್ದು ಆ ಹಾಡಿನ ಅರ್ಧ ಮಾತ್ರ. ಓಡುತ್ತಿದ್ದ ವಾದ್ಯಗಳೆಲ್ಲ ಇದ್ದಕ್ಕಿದ್ದಂತೆ ತಣ್ಣಗಾಗುತ್ತವೆ. ನಡುಗಡಲಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಿದೆ. ಮರದ ಹಲಗೆಗಳು ಕರಕರ ಎನ್ನುತ್ತವೆ, ಯಾರೋ ಪಿಸುದನಿಯಲ್ಲಿ ಏನೋ ಹೇಳುತ್ತಾರೆ. ಆಮೇಲೆ ಟಕ್. ಟೇಪು ಮುಗಿಯಿತು.

ಹಾಡು ಇರುವುದೇ ಹಾಗೆ ಎಂದು ಮೂರು ವರ್ಷ ನಂಬಿದ್ದೆವು. ಕಾಲೇಜಿಗೆಂದು ನಾನು ಹಾಸನ ಸೇರಿದ ಮೇಲೆ ಗ್ರಂಥಾಲಯದಲ್ಲಿ ಆ ಪದ್ಯ ಕಣ್ಣಿಗೆ ಬಿತ್ತು. ನಾವಿಕ ಕಾರಣವೇ ಇಲ್ಲದೆ ಒಂದು ಕಡಲಹಕ್ಕಿಯನ್ನು ಕೊಲ್ಲುತ್ತಾನೆ. ಜೊತೆಯವರು ಆ ಸತ್ತ ಹಕ್ಕಿಯನ್ನೇ ಅವನ ಕೊರಳಿಗೆ ಕಟ್ಟುತ್ತಾರೆ. ಬಾಯಾರಿ ಎಲ್ಲರೂ ಸಾಯುತ್ತಾರೆ, ಇವನೊಬ್ಬ ಉಳಿಯುತ್ತಾನೆ. ನಮ್ಮ ಟೇಪು ನಿಂತದ್ದು ಅಲ್ಲೇ ಸುಮಾರಿಗೆ. ಆದರೆ ಕತೆ ಮುಂದೆ ಹೋಗುತ್ತದೆ. ನೀರಿನ ಹಾವುಗಳನ್ನು ಕಂಡು ನಾವಿಕನ ಒಳಗೆ ಪ್ರೀತಿ ಉಕ್ಕುತ್ತದೆ, ಕೊರಳ ಹಕ್ಕಿ ಕಳಚಿ ಬೀಳುತ್ತದೆ, ಮಳೆ ಸುರಿಯುತ್ತದೆ.

ಶನಿವಾರ ಊರಿಗೆ ಹೋದವನು ಗೆಳೆಯನಿಗೆ ಇದನ್ನು ಹೇಳಿದೆ. ಅವನು ಅಷ್ಟರಲ್ಲಿ ಓದು ಬಿಟ್ಟು ತೋಟ ನೋಡಿಕೊಳ್ಳುತ್ತಿದ್ದ. "ಮಳೆ ಬತ್ತದಾ?" ಎಂದು ಎರಡು ಸಲ ಕೇಳಿದ. ಬೆಂಗಳೂರಿನಲ್ಲಿ ಪೂರ್ತಿ ಕ್ಯಾಸೆಟ್ ಸಿಗುತ್ತದೆ, ತರಿಸೋಣ ಎಂದೆ.

"ಬ್ಯಾಡ ಕಣ್ಲಾ. ಉಳಿದಿದ್ನ ಅವ್ರ ಬಾಯಲ್ಲೇ ಕೇಳಾನ."

ಹದಿನೇಳರ ಹುಡುಗರು ಆಡಿದ ಮಾತು. ಆದರೂ ಅದು ಹರಕೆಯ ಹಾಗೆ ಕಟ್ಟಿಕೊಂಡಿತು. ಅಂಗಡಿಗಳಲ್ಲಿ ಆ ಆಲ್ಬಮ್ ಕಂಡಾಗ ಕೈಗೆತ್ತಿಕೊಂಡು, ರಕ್ಷಾಪುಟದ ಈಜಿಪ್ಟಿನ ಗುಡಿಯನ್ನು ನೋಡಿ ವಾಪಸಿಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಹಾಡು ಪುಕ್ಕಟೆ ಸಿಗುವ ಕಾಲ ಬಂದ ಮೇಲೂ ಇಬ್ಬರೂ ಆ ಹಾಡಿನ ತಂಟೆಗೆ ಹೋಗಲಿಲ್ಲ.

ಅಭಿಮಾನದ ಬಗ್ಗೆ ಪಂಡಿತರು ಬರೆದದ್ದುಂಟು. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು, ರೇಡಿಯೊ ಮತ್ತು ಟಿ.ವಿ.ಯಲ್ಲಿ ಬರುವವರನ್ನು ಜನ ತಮ್ಮ ಆಪ್ತರೆಂದೇ ಭಾವಿಸುವ ಬಗೆಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಪರಾಸಾಮಾಜಿಕ ಸಂಬಂಧ ಎನ್ನಬಹುದು. ಒಂದು ಕಡೆಯಿಂದ ಮಾತ್ರ ಹರಿಯುವ ಸ್ನೇಹ ಅದು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ಸರಿಯಾದ ಮಾತೇ. ಆದರೆ ಆ ಚಿತ್ರದಲ್ಲಿ ಇರುವವರು ಇಬ್ಬರೇ, ನೋಡುವವನು ಮತ್ತು ಪರದೆಯ ಮೇಲಿನವನು. ಪಕ್ಕದ ಮೂಟೆಯ ಮೇಲೆ ಕೂತವನು ಅದರಲ್ಲಿಲ್ಲ. ನಾನು ಕಂಡಂತೆ ಅಭಿಮಾನ ಒಬ್ಬರಿಂದ ಆಗುವ ಕೆಲಸವಲ್ಲ. ಕೇಳಿದ್ದು ನಿಜ ಎಂದು ತಲೆಯಾಡಿಸಲು ಇನ್ನೊಬ್ಬ ಬೇಕು. ರಾಜ್‌ಕುಮಾರ್ ಅಭಿಮಾನಿಗೆ ಊರೂರಿನಲ್ಲಿ ಸಂಘವಿತ್ತು, ಬಸ್ ನಿಲ್ದಾಣದಲ್ಲಿ ಬೋರ್ಡಿತ್ತು. ಗೆಂಡೆಹಳ್ಳಿಯಲ್ಲಿ ಐರನ್ ಮೇಡನ್ ಸಂಘದ ಸದಸ್ಯರು ಇಬ್ಬರೇ. ಒಬ್ಬ ಬಿಟ್ಟರೆ ಸಂಘವೇ ಮುಗಿಯುತ್ತಿತ್ತು. ಹೈಸ್ಕೂಲಿನ ಎಷ್ಟೋ ಸ್ನೇಹಗಳು ಊರು ಬಿಟ್ಟ ಮೇಲೆ ಸೊರಗಿದವು, ಇದು ಸೊರಗದಿರಲು ಆ ಇಕ್ಕಟ್ಟೂ ಒಂದು ಕಾರಣ.

ಗೆಳೆಯನ ಅಪ್ಪ ರಾಜ್‌ಕುಮಾರ್, ಅಂದರೆ ಅಣ್ಣಾವ್ರ ಭಕ್ತರು. ಊರಿನ ಮೂವರ ಜೊತೆ ಒಮ್ಮೆ ಏಪ್ರಿಲ್ 24ಕ್ಕೆ ಬೆಂಗಳೂರಿಗೆ ಹೋಗಿ, ಸದಾಶಿವನಗರದ ಮನೆಯ ಮುಂದೆ ಹುಟ್ಟುಹಬ್ಬದ ಜನಜಂಗುಳಿಯಲ್ಲಿ ನಿಂತು ಬಂದಿದ್ದರು. "ನಮ್ಗೇ ಕೈ ಮುಗುದ್ರು ಕಣೋ" ಎಂದು ಅಪ್ಪ ಹೇಳುವಾಗ ಅವರ ಕೈಗಳೂ ತಾವಾಗಿಯೇ ಜೋಡಿಕೊಳ್ಳುತ್ತಿದ್ದವು. ಅಭಿಮಾನಿಗಳನ್ನೇ ದೇವರು ಎಂದು ಕರೆದ ನಟ ಅಣ್ಣಾವ್ರು. ಕಾಣಲು ಬಂದವನಿಗೇ ಕಾಣಿಸಿಕೊಳ್ಳುವವನು ನಮಸ್ಕರಿಸುವ ಈ ರೀತಿ ಲೋಕದ ತಾರೆಯರಲ್ಲಿ ಅಪರೂಪ ಎಂದೇ ನನ್ನ ತಿಳಿವಳಿಕೆ. ಪಶ್ಚಿಮದ ರಾಕ್ ಲೋಕದಲ್ಲಿ ಭೇಟಿಗೆ ಬೇರೆಯೇ ಏರ್ಪಾಡು. ಎಷ್ಟೋ ದೊಡ್ಡ ತಂಡಗಳು ಕಲಾವಿದರ ಕೈಕುಲುಕಿ ಫೋಟೊ ತೆಗೆಸಿಕೊಳ್ಳುವ ಅವಕಾಶವನ್ನು ದುಬಾರಿ ಟಿಕೆಟ್ಟಾಗಿ ಮಾರುತ್ತವೆ. ಐರನ್ ಮೇಡನ್ನಿನ ಅಭಿಮಾನಿ ಬಳಗದಲ್ಲಿ ಚೀಟಿ ಎತ್ತುವ ಪದ್ಧತಿಯಿದೆ. ಹೆಸರು ಬಂದವರನ್ನು ಎಲ್ಲರಿಗಿಂತ ಮೊದಲು ಒಳಗೆ ಬಿಟ್ಟು, ವೇದಿಕೆಯ ಮುಂದಿನ ಕಂಬಿಗೇ ಆತುಕೊಂಡು ನಿಲ್ಲಲು ಬಿಡುತ್ತಾರೆ. ದುಡ್ಡಿಗಿಂತ ಚೀಟಿ ಮೇಲು ಎಂದು ನನ್ನ ಪಕ್ಷಪಾತ.

ಭೇಟಿಯಾಗದಿದ್ದರೂ ಕೈಬರಹವಾದರೂ ಸಿಗಲಿ ಎಂಬ ಆಸೆ ಬೇರೆ. ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಗೆಳೆಯ ಒಂದು ಮೂಲೆಯನ್ನು ಸ್ಕೇಲಿಟ್ಟು ಗೆರೆ ಎಳೆದು ಖಾಲಿ ಬಿಟ್ಟಿದ್ದ, ಸ್ಟೀವ್ ಹ್ಯಾರಿಸ್ ಸಹಿಗೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರ ಪೀಠದ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಶಾಲೆಯಿಂದ ಕರೆದುಕೊಂಡು ಹೋದಾಗ ಮೇಷ್ಟ್ರು ಅದನ್ನು ತೋರಿಸಿದ್ದರು. ಒಂಬೈನೂರು ವರ್ಷದ ಕೆಳಗಿನ ಕೈ ಅಲ್ಲೇ ಇದೆ, ಬೆರಳಿಟ್ಟು ಮುಟ್ಟಬಹುದು ಎನ್ನಿಸಿತ್ತು. ಸಹಿಯ ಹುಚ್ಚಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ದಾಸೋಜನ ಅಕ್ಷರಗಳು ನೆನಪಾಗುತ್ತವೆ.

ಸರಿ, ಇಂಗ್ಲೆಂಡಿನ ತಂಡವೊಂದು ಮೊದಲ ಸಲ ಭಾರತಕ್ಕೆ ಬಂದಾಗ ದಿಲ್ಲಿ, ಮುಂಬೈ ಬಿಟ್ಟು ಬೆಂಗಳೂರಿಗೇ ಯಾಕೆ ಬಂತು? 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು ಪ್ರದೇಶಕ್ಕೆ ಈ ಪ್ರಶ್ನೆಯ ಬೇರು ಹೋಗುತ್ತದೆ. ಸೈನ್ಯದ ಬ್ಯಾಂಡು, ಚರ್ಚಿನ ವೃಂದಗಾನ, ಆಂಗ್ಲೋ-ಇಂಡಿಯನ್ ಮನೆಗಳ ಪಿಯಾನೊ, ಗಿಟಾರುಗಳು ಅಲ್ಲಿ ತಲೆಮಾರುಗಳಿಂದ ಇದ್ದವು. ಅದರ ಮೇಲೆ ಕಾಲೇಜು ಉತ್ಸವಗಳ ಬ್ಯಾಂಡ್ ಸ್ಪರ್ಧೆಗಳು ಬಂದವು, ರಾಕ್ ಹಾಕುವ ಪಬ್ಬುಗಳು ಬಂದವು, 1996ರಿಂದ ಸ್ವಾತಂತ್ರ್ಯ ದಿನದ ಸುಮಾರಿಗೆ 'ಫ್ರೀಡಂ ಜ್ಯಾಮ್' ಎಂಬ ಉಚಿತ ಸಂಗೀತದ ಜಾತ್ರೆ ಬಂತು. ನಗರದ ನಡುವೆಯೇ ಅರಮನೆ ಮೈದಾನದಂಥ ಬಯಲು, ಸಂಜೆ ಹೊತ್ತಿಗೆ ತಂಪಾಗುವ ಹವೆ, ಪ್ರಾಯೋಜಕ ಕಂಪನಿಗಳು, ಟಿಕೆಟ್ ಕೊಳ್ಳುವ ಶಕ್ತಿಯಿದ್ದ ತಂತ್ರಾಂಶ ಉದ್ಯೋಗಿಗಳು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಮಾರ್ಕ್ ನಾಫ್ಲರ್ 2005ರಲ್ಲಿ ಬಂದು ಹೋದರು. ಅದೇ 2005ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ನಡೆಸಿದ್ದೂ ಅರಮನೆ ಮೈದಾನದಲ್ಲೇ. ಭಾವಗೀತೆ ಕೇಳಲು ಅಷ್ಟು ಜನ ಬಯಲಲ್ಲಿ ಸೇರುತ್ತಾರೆಂದು ಅದಕ್ಕೆ ಮುಂಚೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತೋಳು ಬೀಸಿ, ಕೊರಳ ನರ ಉಬ್ಬಿಸಿ ಶಿಶುನಾಳ ಷರೀಫರ ತತ್ವಪದಗಳನ್ನು ಹಾಡುತ್ತಿದ್ದ ಅಶ್ವತ್ಥ್ ನನ್ನ ಲೆಕ್ಕದಲ್ಲಿ ರಾಕ್ ಗಾಯಕರೇ.

ಅರಸೀಕೆರೆಗೆ ಹೋಗಿ ರಾತ್ರಿ ರೈಲು ಹಿಡಿದೆವು. ಬಸ್ಸಿಗಿಂತ ಸೋವಿ, ಅಲ್ಲದೆ ಬಾಗಿಲ ಬಳಿ ಕೂತು ಬೆಳಗಿನವರೆಗೂ ಮಾತಾಡಬಹುದು. ಮಾರನೆಯ ದಿನ ಮೈದಾನದ ಹೊರಗಿನ ಸಾಲಿನಲ್ಲಿ ನಮ್ಮ ಹಿಂದೆ ನಿಂತವರು ಈಶಾನ್ಯ ರಾಜ್ಯದಿಂದ ದಿನಗಟ್ಟಲೆ ರೈಲಿನಲ್ಲಿ ಬಂದ ನಾಲ್ವರು. ಎಲ್ಲರದೂ ಕಪ್ಪು ಬನಿಯನ್ನು, ಎದೆಯ ಮೇಲೆ ತಂಡದ ಗುರುತಾದ ಎಡ್ಡಿ ಎಂಬ ಅಸ್ಥಿಪಂಜರ. ಗೆಳೆಯನದು ಬಿಳಿ ಶರ್ಟು. ಅವರಲ್ಲೊಬ್ಬ ತನ್ನ ಕೈಪಟ್ಟಿ ಬಿಚ್ಚಿ ಇವನಿಗೆ ಕಟ್ಟಿದ. ಭಾಷೆ ಬಾರದೆ ಇಬ್ಬರೂ ನಕ್ಕರು. ಮೈದಾನದ ಆಚೆ ಸದಾಶಿವನಗರ. ಅಪ್ಪ ನಿಂತಿದ್ದ ರಸ್ತೆ ಇಲ್ಲೇ ಹತ್ತಿರ ಅಲ್ವಾ ಎಂದು ಅವನು ಕೇಳಿದ. ಅಣ್ಣಾವ್ರು ಹೋಗಿ ಆಗ ಒಂದು ವರ್ಷಕ್ಕೆ ಸುಮಾರು ನಾಲ್ಕು ವಾರ ಕಡಿಮೆ.

ಆ ಸಂಜೆ ಮೊದಲು ವೇದಿಕೆಗೆ ಬಂದವರಲ್ಲಿ ದಿಲ್ಲಿಯ 'ಪರಿಕ್ರಮ' ತಂಡವೂ ಇತ್ತು. 1991ರಲ್ಲಿ ಗೆಳೆಯರು ಸೇರಿ ಕಟ್ಟಿ, ಕಾಲೇಜು ಕಾಲೇಜು ಸುತ್ತಿ ನುಡಿಸುತ್ತ ಬೆಳೆದವರು. ಗಿಟಾರುಗಳ ನಡುವೆ ಪಿಟೀಲು ಇಟ್ಟುಕೊಂಡವರು. ಅವರಿಗೆ ಸಿಕ್ಕಿದ್ದು ಅಭಿಮಾನಿಗೆ ಸಿಗಬಹುದಾದ ಅತಿ ದೊಡ್ಡ ಭೇಟಿ: ಸಾಲಿನಲ್ಲಿ ನಿಂತು ಕೈಕುಲುಕಿದ್ದಲ್ಲ, ಅದೇ ವೇದಿಕೆಯಲ್ಲಿ ನಿಂತು ನುಡಿಸಿದ್ದು. ಅದೇ ವರ್ಷ ಜೂನ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ನಡೆದ 'ಡೌನ್‌ಲೋಡ್' ಉತ್ಸವಕ್ಕೂ ಪರಿಕ್ರಮ ಹೋಯಿತು. ಅಲ್ಲಿ ಒಂದು ದಿನದ ಮುಖ್ಯ ತಂಡ ಐರನ್ ಮೇಡನ್. ಸ್ನೇಹಿತರು ಕೂಡಿ ತಮ್ಮ ಆರಾಧ್ಯರನ್ನು ಮುಟ್ಟಿದ ಕತೆ ನಮ್ಮ ದೇಶದಲ್ಲಿ ಇದಕ್ಕಿಂತ ಚಂದದ್ದು ನನಗೆ ಗೊತ್ತಿಲ್ಲ.

ಆಮೇಲೆ ಅವರು ಬಂದರು. ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದ. ಸ್ಟೀವ್ ಹ್ಯಾರಿಸ್ ಒಂದು ಕಾಲನ್ನು ಮುಂದಿನ ಸ್ಪೀಕರ್ ಮೇಲಿಟ್ಟು, ಬೇಸ್ ಗಿಟಾರನ್ನು ಬಂದೂಕಿನ ಹಾಗೆ ನಮ್ಮ ಕಡೆ ಹಿಡಿದು, ಪ್ರತಿ ಹಾಡಿನ ಪ್ರತಿ ಮಾತನ್ನೂ ತಾನೂ ಹಾಡಿಕೊಳ್ಳುತ್ತಿದ್ದ. ನಾವು ಎಷ್ಟು ದೂರದಲ್ಲಿದ್ದೆವೆಂದರೆ ಅವನ ಮುಖ ಕಂಡದ್ದು ಪರದೆಯಲ್ಲೇ ಹೆಚ್ಚು. ಗೆಳೆಯ ಕಿರುಚಲಿಲ್ಲ, ಕುಣಿಯಲಿಲ್ಲ. ಕ್ಯಾಸೆಟ್ ಇದ್ದ ಜೇಬಿನ ಮೇಲೆ ಕೈಯಿಟ್ಟು ನಿಂತಿದ್ದ. ಹೊಸ ಆಲ್ಬಮ್ಮಿನ ಹಾಡುಗಳೂ ಬಂದವು, ಹಳೆಯವೂ ಬಂದವು. ಮುದಿ ನಾವಿಕ ಬರಲಿಲ್ಲ. ವಾಪಸ್ ರೈಲಿನಲ್ಲಿ ಇಬ್ಬರಿಗೂ ಮಾತಿರಲಿಲ್ಲ. ಬೇಲೂರಿನಲ್ಲಿ ಬಸ್ಸಿಳಿದಾಗ ಮಾತ್ರ "ಇನ್ನೊಂದ್ಸಲ ಬರ್ತಾರೆ ಬಿಡು" ಎಂದ. ಊರಿಗೆ ಬಂದವನು ಬಟ್ಟೆ ಬದಲಿಸಿ ಮೋಟಾರು ಮನೆಗೆ ಹೋದ.

ಬಂದರು. 2008ರ ಫೆಬ್ರವರಿ 1ಕ್ಕೆ ಅವರ ವಿಶ್ವ ಪ್ರವಾಸ ಮುಂಬೈಯಲ್ಲೇ ಶುರುವಾಯಿತು. ಗಾಯಕ ಡಿಕಿನ್ಸನ್ ವಿಮಾನ ಚಾಲಕನೂ ಹೌದು. ತಂಡ, ಸಹಾಯಕರು, ವಾದ್ಯಗಳನ್ನೆಲ್ಲ ತುಂಬಿಕೊಂಡ ಬೋಯಿಂಗ್ 757ನ್ನು ತಾನೇ ಹಾರಿಸುತ್ತಿದ್ದ. ಆ ಪ್ರವಾಸ ಬಹುಮಟ್ಟಿಗೆ ಎಂಬತ್ತರ ದಶಕದ ಹಳೆಯ ಹಾಡುಗಳಿಗೆ ಮೀಸಲು, ವೇದಿಕೆಯೂ ರಕ್ಷಾಪುಟದ ಆ ಈಜಿಪ್ಟಿನ ಗುಡಿಯೇ. ಮುಂಬೈಗೆ ಹೋಗಲು ಆಗಲಿಲ್ಲ, ಗೆಳೆಯನ ಅಪ್ಪ ಆಸ್ಪತ್ರೆಯಲ್ಲಿದ್ದರು. 2009ರ ಫೆಬ್ರವರಿ 15ರಂದು ಅದೇ ಪ್ರವಾಸ ಬೆಂಗಳೂರಿಗೆ ಬಂತು. ಅದೇ ಮೈದಾನ.

ಈ ಸಲ ಮುದಿ ನಾವಿಕ ಬಂದ. ಹಾಡಿನ ಮೊದಲ ಅರ್ಧ ನಮಗೆ ಬಾಯಿಪಾಠ. ವಾದ್ಯಗಳು ತಣ್ಣಗಾದವು. ವೇದಿಕೆ ಮಬ್ಬಾಯಿತು, ಹಲಗೆಗಳ ಕರಕರ ಕೇಳಿತು, ಪಿಸುದನಿ ಬಂತು. ಗೆಳೆಯ ನನ್ನ ಮುಂಗೈ ಹಿಡಿದ. ನಮ್ಮ ಟೇಪು ನಿಲ್ಲುವ ಜಾಗ ಇಬ್ಬರಿಗೂ ಗೊತ್ತಿತ್ತು. ಅದು ಬಂತು, ದಾಟಿತು. ಡೋಲು ಸಣ್ಣಗೆ ಎದ್ದಿತು, ಗಿಟಾರುಗಳು ಒಂದರ ಹಿಂದೊಂದು ಏರಿದವು, ಮೈದಾನವೆಲ್ಲ ಬೆಳಕಾಯಿತು. ಹದಿನಾರು ವರ್ಷ ಗಾಳಿಯಿಲ್ಲದೆ ನಿಂತಿದ್ದ ಹಡಗು ಅಲ್ಲಾಡಿತು. ಹಕ್ಕಿ ಕಳಚಿತು. ಅವನಿಗೆ ಇಂಗ್ಲಿಷ್ ಅಷ್ಟಾಗಿ ಹಿಡಿಯುವುದಿಲ್ಲ, ಆದರೆ ಮಳೆ ಎಂಬ ಮಾತು ಬಂದಾಗ ಕಿವಿಗೆ ಬಿತ್ತು. "ಬತ್ತು ಕಣ್ಲಾ" ಎಂದ. ಬೇರೇನೂ ಹೇಳಲಿಲ್ಲ. ನನಗೂ ಗಂಟಲು ಕಟ್ಟಿತ್ತು.

ಸಹಿ ಸಿಗಲಿಲ್ಲ. ಮುಂದೆ 2011ರ ಅಕ್ಟೋಬರ್ 30ಕ್ಕೆ ಅಮೆರಿಕದ ಮೆಟಾಲಿಕಾ ತಂಡ ಬಂದಾಗಲೂ ಇಬ್ಬರೂ ಹೋದೆವು, ಚೆನ್ನಾಗಿತ್ತು, ಅಷ್ಟೆ. ಈಗ ಅವನ ಮಗಳು ಪಿ.ಯು.ಸಿ. ಓದುತ್ತಾಳೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಲುಂಗಿ ಉಟ್ಟು ಗಿಟಾರಿನ ಜೊತೆ ಷರೀಫರನ್ನು ಹಾಡುವುದು ಅವಳಿಗೆ ಪ್ರಾಣ. 2011ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದ್ದನ್ನು ಫೋನಿನಲ್ಲಿ ನಮಗೆ ತೋರಿಸಿದಳು. ಕನ್ನಡ ಅಲ್ಲಿಗೆ ಹೋಗಿದೆ ನೋಡು ಎಂದು ಅಪ್ಪ ಮಗಳಿಗೆ ಹೇಳುತ್ತಿದ್ದ. ಅವನ ಅಪ್ಪನ ಧ್ವನಿ ಕೇಳಿದಂತಾಯಿತು.

2024ರ ಡಿಸೆಂಬರ್ 7ರಂದು, ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನುಡಿಸಿ, ಡ್ರಮ್ ವಾದಕ ನಿಕೊ ಮೆಕ್‌ಬ್ರೇನ್ ಪ್ರವಾಸಗಳಿಂದ ನಿವೃತ್ತನಾದ. ನಮ್ಮ ಕ್ಯಾಸೆಟ್ಟಿನ ಎರಡೂ ಬದಿಯ ಡೋಲು ಅವನದೇ. ತೋಟದಲ್ಲಿ ಹಣ್ಣು ಕೊಯ್ಲು ನಡೆಯುತ್ತಿದ್ದ ದಿನಗಳು. ಗೆಳೆಯ ಫೋನ್ ಮಾಡಿ, "ಬಾ ಒಂದ್ಸಲ" ಎಂದ. ಹೋದೆ.

ಕಾಫಿ ಮೂಟೆಗಳ ನಡುವೆ ಅದೇ ಟೇಪ್ ರೆಕಾರ್ಡರ್, ಬೆಲ್ಟು ಎರಡು ಸಲ ಬದಲಾಗಿದೆ. ಟೇಪು ಸವೆದು ಧ್ವನಿ ಅಲ್ಲಲ್ಲಿ ಅದುರುತ್ತದೆ. ಗೆರೆ ಎಳೆದ ಮೂಲೆ ಹಾಗೇ ಖಾಲಿಯಿದೆ, ಕಾಗದ ಹಳದಿಯಾಗಿದೆ. ಹಲಗೆಗಳು ಕರಕರ ಎಂದವು, ಪಿಸುದನಿ ಬಂತು, ಟಕ್ ಎಂದು ನಿಂತಿತು. ಅವನು ಎದ್ದು ಬದಿ ತಿರುಗಿಸಲಿಲ್ಲ. ಪಕ್ಕದ ಮೂಟೆಯ ಮೇಲೆ ಬೆರಳಿನಿಂದ ಸಣ್ಣಗೆ ತಾಳ ಎತ್ತಿಕೊಂಡ. ನಾನು ಬಾಯಲ್ಲೇ ಗಿಟಾರು ಹಿಡಿದೆ. ಕಣದಲ್ಲಿ ಕಾಫಿ ಹರಗುತ್ತಿದ್ದ ಮಗಳು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಮಳೆ ಬರುವವರೆಗೂ ನಾವು ನಿಲ್ಲಿಸಲಿಲ್ಲ.